ಆ ಕಿಟಕಿ ಫ್ರೇಮಿನಲ್ಲಿ ಬೇಕಿತ್ತಾ?

ಗೆಳತಿಯ ತಮ್ಮನಿಗೆ ಕ್ಯಾಮೆರಾ ಹುಚ್ಚು. ತೆಗೆದ ಫೋಟೋಗಳಲ್ಲಿ ತನಗೆ ಇಷ್ಟವಾದದ್ದನ್ನು ಆರಿಸಿ ನನಗೆ ಕಳಿಸುತ್ತಾನೆ. ಕೆಳಗೆ ಯಾವಾಗಲೂ ಒಂದೇ ಸಾಲು: “ಅಕ್ಕ, ಹೇಗಿದೆ? ಮುಲಾಜಿಲ್ಲದೆ ಹೇಳಿ.” ಮುಲಾಜಿಲ್ಲದೆ ಅಂತ ಕೇಳುವವರೂ ಮೊದಲು ಎದುರು ನೋಡುವುದು ಹೊಗಳಿಕೆಯನ್ನೇ. ನನ್ನ ಫೋಟೋ ಯಾರಿಗಾದರೂ ತೋರಿಸುವಾಗ ನಾನೂ ಹಾಗೇ. ಆದರೆ ‘ಸೂಪರ್’ ಅಂದುಬಿಟ್ಟರೆ ಅವನಿಗೆ ಸಿಗುವುದು ಒಂದು ಸಂಜೆಯ ಖುಷಿ. ‘ಎಕ್ಸ್‌ಪೋಷರ್ ಸರಿಯಿಲ್ಲ’, ಅಂದರೆ ಫೋಟೋಗೆ ಬಿದ್ದ ಬೆಳಕು ಹದವಾಗಿಲ್ಲ, ಅಂತ ಹೇಳಿದರೆ ಒಂದು ಸಂಜೆಯ ಬೇಜಾರು. ಮುಂದಿನ ಸಲ ಕ್ಯಾಮೆರಾ ಹಿಡಿದಾಗ ಏನು ಮಾಡಬೇಕು ಅನ್ನುವುದು ಎರಡರಲ್ಲೂ ಇಲ್ಲ.

ಇತ್ತೀಚೆಗೆ ಅವನು ಕಳಿಸಿದ ಒಂದು ಫೋಟೋದ ಮೇಲೆ ನಮ್ಮಿಬ್ಬರ ಮಾತು ತುಂಬಾ ದೂರ ಹೋಯಿತು.

ಫೋಟೋದಲ್ಲಿ ಅವನ ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ತುಟಿ ಬಿಗಿದಿದೆ. ಸೂಜಿಯನ್ನು ಮುಖದಿಂದ ಒಂದು ಗೇಣು ದೂರದಲ್ಲಿ, ಬೆಳಕಿಗೆ ಎತ್ತಿ ಹಿಡಿದಿದ್ದಾರೆ. ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ದಾರದ ತುದಿ.  ಇಷ್ಟು ಒಳ್ಳೆಯ ಗಳಿಗೆ ದಿನಾ ಸಿಗುವುದಿಲ್ಲ.

ಆದರೆ ಇದೆಲ್ಲ ನನಗೆ ಕಂಡಿದ್ದು ಆಮೇಲೆ. ಮೊದಲು ಕಂಡಿದ್ದು ಕಿಟಕಿ. ಫ್ರೇಮಿನ ಎಡಗಡೆ, ಮೇಲಿಂದ ಕೆಳಗಿನವರೆಗೆ, ಬರೀ ಬಿಳಿ. ಕಂಬಿಗಳೂ ಅರ್ಧ ಕರಗಿಹೋಗಿವೆ. ಅದರ ಪಕ್ಕ ಅಜ್ಜಿಯ ಮುಖ ಕಪ್ಪಗೆ. ಹಿಂದಿನ ಬಾಗಿಲಿನ ಚೌಕಟ್ಟು ಸರಿಯಾಗಿ ಅವರ ನೆತ್ತಿಯಿಂದಲೇ ಎದ್ದ ಹಾಗಿದೆ.

ಅಭಿಪ್ರಾಯ ಹೇಳುವ ಮೊದಲು ನನ್ನದೊಂದು ಅಭ್ಯಾಸವಿದೆ. ಫೋಟೋವನ್ನು ತೀರಾ ಚಿಕ್ಕದು ಮಾಡಿ ನೋಡುತ್ತೇನೆ, ಉಗುರಿನಷ್ಟು. ಆಗ ಮುಖ, ಭಾವ, ಕಥೆ ಯಾವುದೂ ಕಾಣುವುದಿಲ್ಲ. ಬೆಳಕಿನ ತುಂಡುಗಳು, ಕತ್ತಲಿನ ತುಂಡುಗಳು ಮಾತ್ರ ಉಳಿಯುತ್ತವೆ. ಕಣ್ಣು ಯಾವ ತುಂಡಿಗೆ ಓಡುತ್ತದೆ ಅಂತ ಗಮನಿಸುತ್ತೇನೆ. ಕಣ್ಣಿಗೆ ಬೆಳಕಿನ ಕಡೆ, ಗಾಢ ಬಣ್ಣದ ಕಡೆ, ಕಪ್ಪು ಬಿಳುಪು ಪಕ್ಕಪಕ್ಕ ಇರುವ ಕಡೆ ಹೋಗುವ ಚಾಳಿ. ಈ ಫೋಟೋದಲ್ಲಿ ಮೊದಲನೆಯದೂ ಕೊನೆಯದೂ ಕಿಟಕಿಯಲ್ಲೇ ಇದ್ದವು. ಸೂಜಿಯ ಪಾಲಿಗೆ ಏನೂ ಉಳಿದಿರಲಿಲ್ಲ.

ಆಮೇಲೆ ಅವನಿಂದ ಮೂಲ ಫೈಲ್ ಕೇಳಿದೆ. ಮೆಸೇಜಿನಲ್ಲಿ ಬರುವ ಫೋಟೋ ಕುಗ್ಗಿರುತ್ತದೆ. ಯಾವ ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು), ಯಾವ ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಒಳಗೆ ಬಿಟ್ಟಿತು) ಅನ್ನುವ ವಿವರವೂ ಸಾಮಾನ್ಯವಾಗಿ ದಾರಿಯಲ್ಲೇ ಉದುರಿಹೋಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಫೋನಿನ ಪರದೆ ನೋಡಿ ಎಕ್ಸ್‌ಪೋಷರ್ ಬಗ್ಗೆ ಮಾತಾಡುವುದು ಸುಮ್ನೆ ಬಾಯಿಮಾತು. ಪರದೆಯ ಬೆಳಕು ಏರಿಸಿದರೆ ಕಪ್ಪು ಮುಖವೂ ಚೆನ್ನಾಗೇ ಕಾಣುತ್ತದೆ, ಇಳಿಸಿದರೆ ಸರಿಯಾದ ಫೋಟೋವೂ ಮಂಕು. ಹಿಸ್ಟೋಗ್ರಾಂಗೆ, ಅಂದರೆ ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆಗೆ, ಪರದೆಯ ಹಂಗಿಲ್ಲ.

ಫೈಲ್ ಬಂತು. 50 ಎಂಎಂ ಲೆನ್ಸ್, ಅಪರ್ಚರ್ ಎಫ್/1.8, ಶಟರ್ ಸೆಕೆಂಡಿನ 1/60, ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 800. ಹಿಸ್ಟೋಗ್ರಾಂನ ಎಡಗಡೆ ಒಂದು ಗುಡ್ಡ, ಬಲಗಡೆ 255ರ, ಅಂದರೆ ಪೂರ್ತಿ ಬಿಳಿಯ, ಗೋಡೆಗೆ ಅಂಟಿಕೊಂಡು ಇನ್ನೊಂದು ಗುಡ್ಡ. ನಡುವೆ ಬಯಲು.

ಇಷ್ಟಾದ ಮೇಲೂ ನಾನು ಏನೂ ಹೇಳಲಿಲ್ಲ. ಫೋನ್ ಮಾಡಿ ಕೇಳಿದೆ, “ನೀನು ಏನು ನೋಡಿ ಕ್ಯಾಮೆರಾ ಎತ್ತಿದೆ?”

“ಅಜ್ಜಿ ಉಸಿರು ಬಿಗಿ ಹಿಡಿದಿದ್ರು ಅಕ್ಕ. ದಾರ ಸೂಜಿ ಕಣ್ಣಿನ ತನಕ ಹೋಗಿ ತಪ್ಪಿಹೋಗ್ತಿತ್ತು. ಮತ್ತೆ ಹೋಗೋದು, ಮತ್ತೆ ತಪ್ಪೋದು.”

ಈ ಉತ್ತರ ಸಿಗುವ ತನಕ ಫೋಟೋದ ಬಗ್ಗೆ ಬಾಯಿ ಬಿಡಬಾರದು ಅನ್ನುವುದು ನನ್ನ ಹಟ. ‘ಖಾಲಿ ಮನೆಯಲ್ಲಿ ಅಜ್ಜಿ ಒಬ್ಬರೇ ಕೂತಿದ್ದು ನೋಡಿ ಎತ್ತಿದೆ’ ಅಂತ ಅವನು ಹೇಳಿದ್ದರೆ ನನ್ನ ಮಾತೇ ಬೇರೆಯಾಗುತ್ತಿತ್ತು. ಆಗ ಆ ದೊಡ್ಡ ಬಿಳಿ ಕಿಟಕಿ, ಕಪ್ಪು ಮುಖ ಎರಡೂ ಅವನ ಪರವಾಗಿಯೇ ಇರುತ್ತಿದ್ದವು. ಮುಖ ಕಪ್ಪಾಗುವುದೇ ತಪ್ಪು ಅಂತ ಎಲ್ಲೂ ಬರೆದಿಲ್ಲ. ಅವನು ತೋರಿಸಬೇಕು ಅಂದುಕೊಂಡದ್ದಕ್ಕೆ ಅದು ಅಡ್ಡ ಬಂತಾ ಅನ್ನುವುದಷ್ಟೇ ಪ್ರಶ್ನೆ. ಇಲ್ಲಿ ಬಂದಿತ್ತು. ಅವನಿಗೆ ಬೇಕಿದ್ದದ್ದು ಸೂಜಿ, ಬೆರಳು, ಬಿಗಿದ ತುಟಿ. ಫೋಟೋ ಕೊಟ್ಟದ್ದು ಕಿಟಕಿ.

ಭಾನುವಾರ ಅವನೇ ಮನೆಗೆ ಬಂದ. ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಮೊದಲು ಚೆನ್ನಾಗಿರುವುದನ್ನು ಹೇಳಿದೆ, ಆದರೆ ಸಮಾಧಾನಕ್ಕಲ್ಲ. “ಕ್ಯಾಮೆರಾ ಅಜ್ಜಿಯ ಕಣ್ಣಿನ ಎತ್ತರಕ್ಕೇ ಇದೆ. ಅದಕ್ಕೇ ಅವರ ಏಕಾಗ್ರತೆ ನಮಗೆ ತಟ್ಟುತ್ತದೆ. ನಿಂತು ತೆಗೆದಿದ್ದರೆ ಬರೀ ತಲೆ ಕಾಣುತ್ತಿತ್ತು” ಅಂದೆ. ಅವನಿಗೆ ಆಶ್ಚರ್ಯ. ನೆಲದ ಮೇಲೆ ಕೂತಿದ್ದನಂತೆ, ಕಾಲು ನೋಯುತ್ತಿತ್ತು ಅಂತ! ತಾನು ಮಾಡಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು ಅಂತ ಅವನಿಗೇ ಗೊತ್ತಿರಲಿಲ್ಲ. ಮುಂದಿನ ಸಲ ಬೇಕಂತಲೇ ಕೂರುತ್ತಾನೆ. ಕಿಟಕಿ ಕಡೆಯ ಬೆರಳುಗಳ ಮೇಲೆ ಬೆಳಕು ಹದವಾಗಿ ಬಿದ್ದಿದ್ದನ್ನೂ ತೋರಿಸಿದೆ. ಉಗುರು ಬೇರೆ, ಚರ್ಮ ಬೇರೆ ಅಂತ ಗೊತ್ತಾಗುವಷ್ಟು ಹದ.

“ಆದ್ರೆ ಮುಖ ಕಪ್ಪಾಗಿದೆ ಅಲ್ವಾ? ಲೆನ್ಸ್ ಬದಲಾಯಿಸಬೇಕಾ?” ಅಂತ ಕೇಳಿದ.

ಲೆನ್ಸಿನದು ಏನೂ ತಪ್ಪಿಲ್ಲ. ಕ್ಯಾಮೆರಾ ತನ್ನ ಲೆಕ್ಕ ತಾನು ಮಾಡಿದೆ. ಎದುರಿಗೆ ಅಜ್ಜಿ ಇದ್ದಾರೋ ಗೋಡೆ ಇದೆಯೋ ಬೆಳಕು ಅಳೆಯುವ ಅದರ ಮೀಟರಿಗೆ ಗೊತ್ತಿಲ್ಲ. ಕಣ್ಣೆದುರಿನ ದೃಶ್ಯ ಒಟ್ಟಾರೆ ನಡು ಬೂದು ಬಣ್ಣದಷ್ಟು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ಹಿಂದಕ್ಕೆ ಕಳಿಸುವಷ್ಟು ಇರುತ್ತದೆ ಅಂತ ಹಳೆಯ ಲೆಕ್ಕ. ಈಗಿನ ಕ್ಯಾಮೆರಾಗಳು ಮುಖ ಗುರುತಿಸುವುದು ಇತ್ಯಾದಿ ಜಾಣತನ ಕಲಿತಿದ್ದರೂ ಬುನಾದಿ ಅದೇ. ಹಾಗಾಗಿ ಬರೀ ಹಿಮ ತೋರಿಸಿದರೆ ಬೂದು ಮಾಡುತ್ತದೆ, ಕರಿ ಕೋಟು ತೋರಿಸಿದರೂ ಬೂದು ಮಾಡುತ್ತದೆ. ಇಲ್ಲಿ ಫ್ರೇಮಿನ ದೊಡ್ಡ ಪಾಲು ಉರಿಯುವ ಕಿಟಕಿ. ‘ಅಬ್ಬಾ, ಬೆಳಕು ಜಾಸ್ತಿಯಾಯಿತು’ ಅಂತ ಕ್ಯಾಮೆರಾ ಎಲ್ಲವನ್ನೂ ಇಳಿಸಿತು. ಕಿಟಕಿ ಅಷ್ಟಕ್ಕೂ ಬಗ್ಗಲಿಲ್ಲ. ಮುಖ ಮಾತ್ರ ಮುಳುಗಿತು.

“ಹಾಗಾದ್ರೆ ಪ್ಲಸ್ ಎರಡು ಸ್ಟಾಪ್ ಕೊಡಬೇಕಿತ್ತು” ಅಂದ.

ತುಂಬಾ ಜನ ಇಲ್ಲೇ ನಿಲ್ಲಿಸುತ್ತಾರೆ. ‘ಮುಖ ಡಾರ್ಕ್ ಇದೆ, ಎಕ್ಸ್‌ಪೋಷರ್ ಏರಿಸು’ ಅಂತ ಹೇಳಿ ಮುಂದಿನ ಫೋಟೋಗೆ ಹೋಗುತ್ತಾರೆ. ಲ್ಯಾಪ್‌ಟಾಪಿನಲ್ಲೇ ಏರಿಸಿ ತೋರಿಸಿದೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು, ಎರಡು ಸ್ಟಾಪ್ ಅಂದರೆ ನಾಲ್ಕರಷ್ಟು. ಮುಖ ಬೆಳಗಿತು. ಆದರೆ ಚೆನ್ನಾಗಿದ್ದ ಬೆರಳುಗಳು ಸುಣ್ಣದ ಕಡ್ಡಿಗಳಾದವು. ಉಗುರು ಯಾವುದು, ಚರ್ಮ ಯಾವುದು ಅಂತ ಗೊತ್ತಾಗದಾಯಿತು. ದಾರವಂತೂ ಕಿಟಕಿಯ ಬಿಳಿಯೊಳಗೇ ಕಳೆದುಹೋಯಿತು. ಅವನು ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟದ್ದು, ತೆಗೆದಿದ್ದ, 14 ಬಿಟ್‌ನದು. ಅಂದರೆ ಮಾಮೂಲಿ ಫೋಟೋ ಫೈಲಾದ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಿದ್ದರೆ ಇದರಲ್ಲಿ 16,384. ಕಪ್ಪಾದ ಜಾಗವನ್ನು ಸ್ವಲ್ಪ ಮಟ್ಟಿಗೆ ಎತ್ತಬಹುದು, ಕಾಳುಕಾಳಾಗುತ್ತದೆ ಅಷ್ಟೇ. ಪೂರ್ತಿ ಬಿಳಿಯಾಗಿ ಹೋದ ಜಾಗದಲ್ಲಿ ಎತ್ತಲೂ ಇಳಿಸಲೂ ಏನೂ ಇರುವುದಿಲ್ಲ. ಅಲ್ಲಿ ಕಿಟಕಿಯಾಚೆ ಮರ ಇತ್ತಾ ಗೋಡೆ ಇತ್ತಾ ಅಂತ ಯಾವ ಸಾಫ್ಟ್‌ವೇರೂ ಆ ಫೈಲಿನಿಂದ ಹೊರಗೆಳೆಯಲಾರದು.

ಅವನು ಸೋತು ಕೈಚೆಲ್ಲಿದ. “ಏರಿಸಿದ್ರೂ ಕೆಡುತ್ತೆ, ಇಳಿಸಿದ್ರೂ ಕೆಡುತ್ತೆ. ಇನ್ನೇನ್ ಮಾಡೋದು?”

“ಆ ಕಿಟಕಿ ಫ್ರೇಮಿನಲ್ಲಿ ಬೇಕಿತ್ತಾ?” ಅಂದೆ.

ಅಂಗೈಯಿಂದ ಪರದೆಯ ಎಡಭಾಗ ಮುಚ್ಚಿದೆ. ತಕ್ಷಣ ಕಣ್ಣು ಸೂಜಿಗೆ ಹೋಯಿತು. ಕೈ ತೆಗೆದೆ, ಮತ್ತೆ ಕಿಟಕಿಗೆ ಓಡಿತು. ಅವನೂ ತನ್ನ ಕೈಯಿಂದ ಮುಚ್ಚಿ ತೆಗೆದು ಮಾಡಿದ. ನಾನು ಬಾಯಲ್ಲಿ ವಿವರಿಸಿದ್ದಕ್ಕಿಂತ ಇದು ಬೇಗ ಕೆಲಸ ಮಾಡಿತು. ನನ್ನ ಅನುಭವದಲ್ಲಿ ಕಂಪೋಸಿಷನ್, ಅಂದರೆ ಫ್ರೇಮಿನಲ್ಲಿ ಯಾವುದು ಎಲ್ಲಿರಬೇಕು ಅನ್ನುವುದರ, ಬಗ್ಗೆ ಹೇಳುವ ಅರ್ಧ ಮಾತನ್ನು ಅಂಗೈಯೇ ಹೇಳಿಬಿಡುತ್ತದೆ.

“ಆದ್ರೆ ನಾನು ಮೂರನೇ ಒಂದರ ನಿಯಮ ಸರಿಯಾಗೇ ಪಾಲಿಸಿದೀನಿ” ಅಂತ ಗ್ರಿಡ್ ಹಾಕಿ ತೋರಿಸಿದ. ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡು ಅನ್ನುವ ನಿಯಮ ಅದು. ನಿಜ, ಅಜ್ಜಿಯ ಕಣ್ಣು ಗೆರೆಗಳು ಕೂಡುವ ಜಾಗದಲ್ಲೇ ಇತ್ತು. ಈ ನಿಯಮವನ್ನು ಆ ಹೆಸರಿಟ್ಟು ಬರೆದವನು ಜಾನ್ ಥಾಮಸ್ ಸ್ಮಿತ್ ಅನ್ನುವ ಇಂಗ್ಲಿಷ್ ಕಲಾವಿದ, 1797ರಲ್ಲಿ. ಆಗ ಫೋಟೋಗ್ರಫಿಯೇ ಹುಟ್ಟಿರಲಿಲ್ಲ, ಅವನು ಹೇಳಿದ್ದು ನಿಸರ್ಗ ಚಿತ್ರಗಳಿಗೆ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಟ್ಟುಕೊಂಡಿದ್ದನ್ನು ಎಲ್ಲಿಡಬೇಕು ಅಂತ ಅದು ಹೇಳುತ್ತದೆಯೇ ಹೊರತು ಏನನ್ನು ಬಿಡಬೇಕು ಅಂತ ಹೇಳುವುದಿಲ್ಲ. ಇವನ ಫೋಟೋದಲ್ಲಿ ಮೂರರಲ್ಲಿ ಒಂದು ಪಾಲು ಕಿಟಕಿಗೇ ಬರೆದುಕೊಟ್ಟ ಹಾಗಾಗಿತ್ತು.

ಹಾಗಾದರೆ ಕ್ರಾಪ್ ಮಾಡಿದರಾಯಿತಲ್ಲ ಅನ್ನಿಸಬಹುದು. ಮಾಡಬಹುದು, ಅದರಲ್ಲಿ ಅವಮಾನವೇನಿಲ್ಲ. ಫ್ರೆಂಚ್ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋಂಗೆ ಫೋಟೋ ಕತ್ತರಿಸುವುದೆಂದರೆ ಆಗುತ್ತಿರಲಿಲ್ಲ. ಆದರೂ 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ಅವರು ತೆಗೆದ, ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನ ಫೋಟೋ ಕ್ರಾಪ್ ಆದದ್ದೇ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದದ್ದರಿಂದ ಎಡಗಡೆ ಹಲಗೆ ಅಡ್ಡ ಬಂದಿತ್ತು. ನಾವೂ ಎಡಗಡೆ ಕತ್ತರಿಸಿ ನೋಡಿದೆವು. ಕಿಟಕಿ ಹೋಯಿತು. ಆದರೆ ಬಾಗಿಲಿನ ಚೌಕಟ್ಟು ನೆತ್ತಿಯ ಮೇಲೆ ಹಾಗೇ ನಿಂತಿತ್ತು. ಮುಖದ ಕತ್ತಲ ಬದಿಯೇ ನಮ್ಮ ಕಡೆಗಿತ್ತು. ಇವೆರಡನ್ನೂ ಕತ್ತರಿ ಸರಿಮಾಡಲಾರದು. ಯಾವುದರ ಹಿಂದೆ ಯಾವುದು ಬರುತ್ತದೆ, ಮುಖದ ಯಾವ ಕೆನ್ನೆ ಕಾಣುತ್ತದೆ ಅನ್ನುವುದು ಫೋಟೋಗ್ರಾಫರ್ ಎಲ್ಲಿ ಇದ್ದ ಅನ್ನುವುದರ ಮೇಲೆ ನಿಂತಿದೆ.

ನಾನು ಅವನಿಗೆ ಹೇಳಬೇಕು ಅಂತ ಇದ್ದ ಒಂದೇ ವಿಷಯ ಇದು. ಕಂಪೋಸಿಷನ್ ಸರಿಯಿಲ್ಲ, ಎಕ್ಸ್‌ಪೋಷರ್ ಸರಿಯಿಲ್ಲ ಅಂತ ಎರಡು ದೂರು ಬರೆದುಕೊಂಡರೆ ಎರಡಕ್ಕೂ ಬೇರೆ ಬೇರೆ ಔಷಧಿ ಹುಡುಕುತ್ತೇವೆ. ಇಲ್ಲಿ ದೂರು ಒಂದೇ. ಅವನು ಕೋಣೆಯ ಒಳಗಡೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಎದ್ದು ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರೆ ಕಿಟಕಿ ಫ್ರೇಮಿನಿಂದ ಹೊರಗೆ, ಚೌಕಟ್ಟು ನೆತ್ತಿಯಿಂದ ದೂರ, ಬೆಳಕು ಬಿದ್ದ ಕೆನ್ನೆ ಕ್ಯಾಮೆರಾ ಕಡೆಗೆ.

ಒಂದು ಹಾಳೆಯ ಮೇಲೆ ಗೀಚಿದೆವು. ಕಿಟಕಿ ಒಂದು ಗೆರೆ, ಅಜ್ಜಿ ಒಂದು ಸೊನ್ನೆ, ಅವನು ಕೂತ ಜಾಗ ಒಂದು ಇಂಟು ಗುರುತು. ಅವನೇ ಇನ್ನೊಂದು ಗುರುತು ಹಾಕಿದ, ಗೋಡೆಯ ಹತ್ತಿರ. “ಇಲ್ಲಿಂದ ತೆಗೆದ್ರೆ ಹಿಂದೆ ಬರೀ ಕತ್ತಲೆ ಕೋಣೆ ಬರುತ್ತೆ” ಅಂದ. ಸರಿಯಾಗಿ ಹಿಡಿದ.

“ಅಲ್ಲಿಗೆ ಹೋದ ಮೇಲೆ ಮೈನಸ್ ಒಂದು ಕೊಡು” ಅಂದೆ.

ಅವನು ನನ್ನ ಮುಖ ನೋಡಿದ. “ಮುಖ ಕಪ್ಪಾಗಿದೆ ಅಂತ ಇಷ್ಟೊತ್ತು ಮಾತಾಡಿ ಈಗ ಮೈನಸ್ಸಾ?”

ಕತ್ತಲೆ ಕೋಣೆ ಹಿಂದೆ ಬಂದರೆ ಕ್ಯಾಮೆರಾ ಈ ಸಲ ಉಲ್ಟಾ ಗಾಬರಿಯಾಗುತ್ತದೆ. ಬೆಳಕು ಸಾಲದು ಅಂತ ಎಲ್ಲವನ್ನೂ ಏರಿಸುತ್ತದೆ. ಕೋಣೆ ಬೂದು, ಬೆರಳು ಮತ್ತೆ ಸುಣ್ಣ. 1940ರ ಆಸುಪಾಸಿನಲ್ಲಿ ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಕಪ್ಪಿನಿಂದ ಬಿಳಿಯವರೆಗೆ ಸೊನ್ನೆಯಿಂದ ಹತ್ತು ಅಂತ 11 ಮೆಟ್ಟಿಲು ಮಾಡಿಟ್ಟರು. ಒಂದೊಂದು ಮೆಟ್ಟಿಲಿಗೆ ಒಂದು ಸ್ಟಾಪ್ ವ್ಯತ್ಯಾಸ. ಮೀಟರ್ ಯಾವಾಗಲೂ ಐದಕ್ಕೆ ಎಳೆಯುತ್ತದೆ. ಕತ್ತಲೆ ಕೋಣೆ ಐದರಲ್ಲಿ ಯಾಕಿರಬೇಕು? ಎರಡರಲ್ಲೋ ಮೂರರಲ್ಲೋ ಇರಲಿ, ಅದು ಕತ್ತಲೆಯೇ ತಾನೇ. ಬೆರಳು ಮತ್ತು ಕೆನ್ನೆ ಎಲ್ಲಿ ನಿಲ್ಲಬೇಕು ಅಂತ ನಾವು ತೀರ್ಮಾನ ಮಾಡಿದರೆ ಉಳಿದದ್ದು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಮೈನಸ್ ಒಂದು ಸಾಕಾ, ಒಂದೂವರೆ ಬೇಕಾ ಅನ್ನುವುದು ಅಲ್ಲಿ ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ ನೋಡಿದರೆ ಗೊತ್ತಾಗುತ್ತದೆ.

ಇನ್ನೂ ಹೇಳುವುದಿತ್ತು. ಹೊರಗಿನ ಬೆಳಕು ನೀಲಿ, ಒಳಗಿನ ಬಲ್ಬು ಹಳದಿ, ಚರ್ಮದ ಬಣ್ಣ ಎರಡೂ ಅಲ್ಲದೆ ಕೆಟ್ಟಿತ್ತು. ಫ್ರೇಮ್ ಒಂದಿಷ್ಟು ವಾಲಿತ್ತು. ಕೆಳಗೆ ಮಂಡಿ ಅರ್ಧಕ್ಕೆ ತುಂಡಾಗಿತ್ತು. ಇವೆಲ್ಲ ನನ್ನ ಹಾಳೆಯಲ್ಲಿ ಬರೆದಿದ್ದೆ, ಆದರೆ ಹೇಳಲಿಲ್ಲ. ಬಣ್ಣ, ವಾಲು ಎರಡನ್ನೂ ಮನೆಯಲ್ಲಿ ಕೂತು ಸರಿಮಾಡಬಹುದು. ಜಾಗ ಬದಲಿಸಿದರೆ ಮಂಡಿಯ ಕಥೆಯೂ ಬದಲಾಗುತ್ತದೆ. ಒಂದೇ ಸಲ ಎಲ್ಲವನ್ನೂ ಸುರಿದರೆ ಅವನು ಸೂಜಿ ಬಿಟ್ಟು ಬಲ್ಬಿನ ಹಿಂದೆ ಹೋಗುತ್ತಾನೆ.

ಒಂದನ್ನು ಮಾತ್ರ ಬಿಡಲಾಗಲಿಲ್ಲ, ಫೋಕಸ್. ಕ್ಯಾಮೆರಾ ಅಜ್ಜಿಯ ಕಣ್ಣನ್ನು ಗುರುತಿಸಿ ಅಲ್ಲಿಗೆ ಫೋಕಸ್ ಮಾಡಿತ್ತು. ಸೂಜಿ ಮಸುಕು. ಅವನದು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ. 50 ಎಂಎಂ ಲೆನ್ಸ್, ಸುಮಾರು ಒಂದು ಮೀಟರ್ ದೂರ, ಎಫ್/1.8. ಹೀಗಿದ್ದಾಗ ಚೊಕ್ಕವಾಗಿ ಕಾಣುವ ಆಳ ಬರೀ 4 ಸೆಂಟಿಮೀಟರ್ ಆಸುಪಾಸು. ಕಣ್ಣಿಂದ ಸೂಜಿಗೆ ಒಂದು ಗೇಣು. ಕಿಂಡಿ ಕಿರಿದು ಮಾಡಿ ಎಫ್/4 ಇಟ್ಟರೂ ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಾಗಾದರೆ ಒಂದನ್ನು ಆರಿಸಬೇಕು.

“ಕಣ್ಣು ಶಾರ್ಪ್ ಇರಬೇಕು ಅಂತ ಎಲ್ರೂ ಹೇಳ್ತಾರಲ್ಲ?” ಅಂತ ಕೇಳಿದ.

“ಅಜ್ಜಿ ಎಲ್ಲಿ ನೋಡ್ತಿದ್ದಾರೆ?” ಅಂದೆ. ಅಷ್ಟು ಸಾಕಾಯಿತು.

ಶಟರ್ ಬಗ್ಗೆ ಬೇಗ ಮುಗಿಸಿದೆವು. 50 ಎಂಎಂಗೆ 1/60 ಅಂದರೆ ಹಿಡಿದವನ ಕೈ ನಡುಕಕ್ಕೆ ಪರವಾಗಿಲ್ಲ. ಆದರೆ ಇಲ್ಲಿ ನಡುಗುತ್ತಿದ್ದದ್ದು ಅಜ್ಜಿಯ ಕೈ. 1/125 ಇರಲಿ, ಅಪರ್ಚರ್ ಎಫ್/2.8 ಇರಲಿ. ಬೆರಳಿನ ಮೇಲೆ ಅಷ್ಟೇ ಬೆಳಕು ಉಳಿಯಬೇಕಾದರೆ ಐಎಸ್‌ಒ 800ರಿಂದ 4000ದ ಹತ್ತಿರ ಏರುತ್ತದೆ. ಕಾಳು ಜಾಸ್ತಿಯಾಗುತ್ತದೆ ಅಂತ ಅವನಿಗೆ ಭಯ. ಕಾಳಿದ್ದರೂ ಸೂಜಿ ಕಂಡರೆ ಸಾಕು, ಅಲುಗಿದ ಸೂಜಿಯನ್ನು ಯಾರೂ ಮತ್ತೆ ನಿಲ್ಲಿಸಲಾರರು ಅಂದೆ.

ಮುಂದಿನ ವಾರ ಹೊಸ ಫೋಟೋ ಬಂತು. ಕಿಟಕಿ ಇಲ್ಲ. ಚೌಕಟ್ಟು ಇಲ್ಲ. ಸೂಜಿಯ ಕಣ್ಣು ಕೂಡ ಕಾಣುವಷ್ಟು ಚೊಕ್ಕ. ಹಿಸ್ಟೋಗ್ರಾಂನಲ್ಲಿ ತಕರಾರು ತೆಗೆಯಲು ಏನೂ ಇಲ್ಲ. ಆದರೆ ಅಜ್ಜಿಯ ತುಟಿ ಸಡಿಲವಾಗಿತ್ತು. ದಾರ ಆಗಲೇ ಸೂಜಿಯೊಳಗೆ ಹೋಗಿತ್ತು. ಮೊಮ್ಮಗ ಕೇಳಿದ್ದಕ್ಕೆ ಅವರು ಸೂಜಿ ಹಿಡಿದು ಕೂತಿದ್ದರು, ಪಾಪ. ನಾನು ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಕಳಿಸಿ, “ಎರಡರಲ್ಲಿ ನಿನಗೆ ಯಾವುದು ಬೇಕು?” ಅಂತ ಮಾತ್ರ ಕೇಳಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು: “ಹಳೇದೇ ಅಕ್ಕ. ಛೇ.” ಎಕ್ಸ್‌ಪೋಷರ್ ಸರಿಯಿದೆ ಅಂತ ಈ ಫೋಟೋವನ್ನು ನಾನು ಹೊಗಳಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಜಾಗ ಗೊತ್ತಾಯಿತಲ್ಲ, ಇನ್ನು ಹೇಳಿ ಮಾಡಿಸಬೇಡ, ಅವರಿಗೆ ನಿಜವಾಗಿ ಹೊಲಿಯುವ ಕೆಲಸ ಬಂದಾಗ ಹೋಗಿ ಕೂರು ಅಂದೆ.

ಕೆಲಸ ಬಂತು. ಯಾರದೋ ಅಂಗಿಯ ಗುಂಡಿ ಕಿತ್ತುಹೋಗಿತ್ತಂತೆ. ಆ ಸಲ ತೆಗೆದದ್ದರಲ್ಲಿ ಎಲ್ಲವೂ ಇದೆ. ಬಿಗಿದ ತುಟಿ, ಬೆಳಗಿದ ಕೆನ್ನೆ, ಸೂಜಿಯ ಕಣ್ಣಿಗೆ ಕೂದಲೆಳೆಯಷ್ಟು ದೂರದಲ್ಲಿ ದಾರ. ಜೊತೆಗೆ ಫ್ರೇಮಿನ ಒಂದು ಅಂಚಿನಲ್ಲಿ ಕಿಟಕಿಯ ಪಟ್ಟಿಯೂ ಇದೆ, ಸಣ್ಣದು, ಬಿಳಿಯಾಗಿ. ಅದನ್ನು ಕತ್ತರಿಸು ಅಂದೆ. ಆಗಲ್ಲ ಅಂದ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೋಡುವವರಿಗೆ ಗೊತ್ತಾಗಬೇಕಂತೆ, ಅಜ್ಜಿ ಸೂಜಿಯನ್ನು ಆ ಕಡೆಗೇ ಯಾಕೆ ಎತ್ತಿದ್ದಾರೆ ಅಂತ ತಿಳಿಯಬೇಕಂತೆ. ಅಂಗೈಯಿಂದ ಮುಚ್ಚಿ ನೋಡು ಅಂದೆ. ಮುಚ್ಚಿ ನೋಡಿಯೇ ಇಟ್ಟುಕೊಂಡಿದ್ದೇನೆ ಅಂದ.

ಕಾರಣ ಹೇಳುತ್ತಿದ್ದಾನಲ್ಲ, ಹಾಗಾಗಿ ನಾನು ಜೋರು ಮಾಡಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗಲೂ ಆ ಪಟ್ಟಿ ಬಿಟ್ಟುಕೊಡಲಿಲ್ಲ. ನನಗಿನ್ನೂ ಒಪ್ಪಿಗೆಯಿಲ್ಲ.